ಶೋಕಿಯ ಚೀಟಿಯಲ್ಲಿ ಒಂದು ಹೆಚ್ಚಿನ ಪದ

ಶೋಕಿ ಎಂಬ ಪದ ನನ್ನ ಪಾಲಿಗೆ ಬಂದದ್ದು ವರ್ಣಮಾಲೆಯ ಲೆಕ್ಕದಲ್ಲಿ, ನನ್ನ ಆಸಕ್ತಿಯಿಂದ ಅಲ್ಲ. ಕರಾವಳಿಯಲ್ಲಿ ದಿನಬಳಕೆಯಲ್ಲಿರುವ ಕನ್ನಡಕ್ಕೆ ಒಂದು ಪದಕೋಶ ಮಾಡುವ ಕೆಲಸ ಮೂಡುಬಿದಿರೆಯಲ್ಲಿ ನಡೆಯುತ್ತಿತ್ತು. ಚಪ್ಪಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಎರಡು ಮೇಜು, ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ಬಿಸ್ಕತ್ತಿನ ತಗಡು ಡಬ್ಬಿಗಳು. ಡಬ್ಬಿಗಳ ಒಳಗೆ ಪದಗಳು. ಸಂಪಾದಕರು ನಿವೃತ್ತ ಮುಖ್ಯೋಪಾಧ್ಯಾಯರು, ನಾನು ಅವರ ಒಬ್ಬಳೇ ಸಹಾಯಕಿ. 'ಶ'ದಿಂದ 'ಹ'ದವರೆಗೆ ಅವರು ಬರೆದಿಟ್ಟ ಕರಡನ್ನು ಜನರ ಮಾತಿನ ಜೊತೆ ಹೋಲಿಸಿ ನೋಡುವುದು ನನ್ನ ಕೆಲಸವಾಗಿತ್ತು.

ಅವರ ಕರಡಿನಲ್ಲಿ ಹೀಗಿತ್ತು: 'ಶೋಕಿ (ನಾ.) ಅತಿಯಾದ ಅಲಂಕಾರ, ಆಡಂಬರ, ದುಂದು.'

ಅಷ್ಟೇ. ಕಾಲೇಜಿನ ಐದು ವರ್ಷವೂ ನಾನು ಚರ್ಚಾಸ್ಪರ್ಧೆಗಳಿಗೆ ಓಡಾಡಿದವಳು. ಎದುರಾಳಿ ತನ್ನ ತೀರ್ಪನ್ನೇ ವ್ಯಾಖ್ಯೆಯೆಂದು ಮುಂದಿಟ್ಟರೆ ಮೊದಲು ಅದರ ಮೇಲೆಯೇ ಕೈಹಾಕಬೇಕು ಎಂಬುದು ಅಲ್ಲಿ ಕಲಿತದ್ದು.

"ಸರ್, ಇದು ಅರ್ಥ ಅಲ್ಲ, ಬೈಗುಳ," ಎಂದೆ.

"ಪದವೇ ಬೈಗುಳ ಮಾರಾಯ್ತಿ. ನಾನೆಂತ ಮಾಡ್ಲಿ?"

"'ಅತಿಯಾದ' ಅಂತ ಬರೆದಿದ್ದೀರಿ. ಎಷ್ಟಾದರೆ ಅತಿ? ಅಳೆದವರು ಯಾರು?"

"ಊರು."

"ಊರು ಅಂದ್ರೆ ಯಾರು ಸರ್? ಮನೆ ನಂಬರ್ ಉಂಟಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉರ್ದುವಿನಲ್ಲಿ ಇದರ ಮೂಲಕ್ಕೆ ಆಸೆ, ಅಭಿರುಚಿ ಎಂಬ ಅರ್ಥವೇ ಇರುವುದಲ್ಲವೇ ಎಂದು ನಾನು ಮುಂದುವರಿಸಿದೆ. ಅಜ್ಜನ ಗುಣ ಮೊಮ್ಮಗನಿಗೆ ಇರಲೇಬೇಕೆಂದಿಲ್ಲ ಎಂದರು. ತುಳುವಿನಲ್ಲಿ 'ಶೋಕು' ಎಂದರೆ ಚೆಂದ ಎಂದೇ ಅಲ್ಲವೇ ಎಂದೆ. "ತುಳುವಿಗೆ ತುಳುವಿನ ಪದಕೋಶ ಉಂಟು. ನಾವು ಮಾಡುದು ಕನ್ನಡದ್ದು. ನಿನ್ನ ಹತ್ರ ವಾದಕ್ಕೆ ಕೂತರೆ 'ಹ' ಮುಗಿಯುವಾಗ ನಾನು ಇರುದಿಲ್ಲ. ವಾದ ಬೇಡ, ಚೀಟಿ ತಾ."

ಚೀಟಿ ಎಂದರೆ ಅಂಚೆ ಕಾರ್ಡಿನಷ್ಟಗಲದ ದಪ್ಪ ಕಾಗದ. ಮೇಲೆ ಪದ, ನಡುವೆ ಆ ಪದ ಬಂದ ವಾಕ್ಯ, ಕೆಳಗೆ ಮೂರು ಗೆರೆ: ಹೇಳಿದವರು, ಊರು, ಸಂದರ್ಭ. ಸಂಪಾದಕರ ಕಟ್ಟಳೆಗಳು ಬಿಗಿಯಾದವು. ವಾಕ್ಯ ತಾನಾಗಿ ಕಿವಿಗೆ ಬಿದ್ದಿರಬೇಕು, ಕೇಳಿ ಹೇಳಿಸಿಕೊಂಡದ್ದು ನಡೆಯದು. ಪದಕ್ಕೆ ಹೊಸದೊಂದು ಅರ್ಥ ಸೇರಿಸಬೇಕಾದರೆ ಮೂವರು ಬೇರೆ ಬೇರೆ ಜನರ ಬಾಯಿಂದ ಮೂರು ಚೀಟಿ ಬೇಕು. ಮತ್ತೆ, ಅಚ್ಚಾಗುವಾಗ ಯಾರೂ ಕೈಯಾಡಿಸಬಾರದು. "ಚೀಟಿಯಲ್ಲಿದ್ದದ್ದು ಚೀಟಿಯಲ್ಲಿದ್ದ ಹಾಗೆ" ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮಾತು ಸಂಗ್ರಹಿಸುವವರು ಮಾತನ್ನು ತಿದ್ದತೊಡಗಿದರೆ ಉಳಿಯುವುದು ಅವರದ್ದೇ ಮಾತು ಎಂಬುದು ಅವರ ವಾದ.

ಮೊದಲ ಕಟ್ಟಳೆಯನ್ನು ಮೊದಲ ದಿನವೇ ಮುರಿದೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಟ್ಟೆ ಅಂಗಡಿಗಳು ಸಾಲಾಗಿವೆ, ಶೋಕಿ ಎಂಬ ಪದ ಅಲ್ಲಿ ಸಿಗದಿದ್ದರೆ ಮತ್ತೆಲ್ಲಿ ಸಿಗಬೇಕು ಎಂದುಕೊಂಡು ಪುಸ್ತಕ, ಪೆನ್ನು ಹಿಡಿದೇ ಒಳಗೆ ಹೋದೆ. ಬೊಂಬೆಗೆ ಅಂಗಿ ತೊಡಿಸುತ್ತಿದ್ದ ಸೇಲ್ಸ್‌ಮನ್‌ನನ್ನು ನೇರವಾಗಿ ಕೇಳಿದೆ.

"ಶೋಕಿಯಾ? ಅದು ಒಳ್ಳೆದಲ್ಲ ಮೇಡಂ," ಎಂದು ಅವನು ಬೊಂಬೆಯ ಕೈ ಕಳಚಿ ಕಂಕುಳಲ್ಲಿ ಇಟ್ಟುಕೊಂಡ. "ಇಂದಿನ ಯುವಜನತೆ ಶೋಕಿಗೆ ಬಲಿಯಾಗುತ್ತಿದೆ."

ಮಾತಾಡುವಾಗ ಯಾರೂ 'ಯುವಜನತೆ' ಎನ್ನುವುದಿಲ್ಲ. ನನ್ನ ಪುಸ್ತಕ ಕಂಡೊಡನೆ ಅವನ ಬಾಯಿಗೆ ಶಾಲೆಯ ಪ್ರಬಂಧ ಬಂದಿತ್ತು. ಅಕ್ಕಪಕ್ಕದ ಅಂಗಡಿಗಳಲ್ಲೂ ಅದೇ ಪ್ರಬಂಧ, ಸ್ವಲ್ಪ ಹೆಚ್ಚುಕಡಿಮೆ. ಈ ನಮ್ಮ ಕಡೆಯಲ್ಲಿ ಕನ್ನಡ ಎಂದರೆ ಬಹುಪಾಲು ಜನಕ್ಕೆ ಶಾಲೆ ಮತ್ತು ಕಚೇರಿ. ಬರೆದುಕೊಳ್ಳುವವರು ಎದುರಿಗೆ ನಿಂತರೆ ಅದು ಇಸ್ತ್ರಿ ಹಾಕಿಕೊಂಡೇ ಹೊರಗೆ ಬರುತ್ತದೆ. ಪುಸ್ತಕವನ್ನು ಚೀಲಕ್ಕೆ ಹಾಕಿ, ಬೇಡದಿದ್ದರೂ ಒಂದು ಟವೆಲು ಆರಿಸುತ್ತ ಮೊದಲ ಅಂಗಡಿಯಲ್ಲೇ ನಿಂತೆ. ಅರ್ಧ ಗಂಟೆಯಾಗಿರಬಹುದು. ಅದೇ ಸೇಲ್ಸ್‌ಮನ್ ಗಿರಾಕಿಯೊಬ್ಬನ ಎದೆಗೆ ಅಂಗಿ ಹಿಡಿದು, "ಇದು ತಗೊಳ್ಳಿ ಅಣ್ಣ, ಒಳ್ಳೆ ಶೋಕಿ ಕಾಣ್ತದೆ ನಿಮಗೆ," ಎಂದ.

ನನಗೆ ತಡೆಯಲಾಗಲಿಲ್ಲ. "ಈಗಷ್ಟೇ ಒಳ್ಳೆದಲ್ಲ ಅಂದ್ರಲ್ಲ?"

"ಅದು ನೀವು ಕೇಳಿದ್ದಕ್ಕೆ ಹೇಳಿದ್ದು ಮೇಡಂ," ಎಂದ, ಒಂಚೂರೂ ನಾಚದೆ. "ಇದು ವ್ಯಾಪಾರ."

ಅದು ನನ್ನ ಮೊದಲ ಚೀಟಿ. ಸಂಪಾದಕರು ಓದಿ, "ಮಾರುವವನ ಮಾತು. ಮಾರುವವ ಯಾವ ಪದಕ್ಕೂ ಒಳ್ಳೆ ಅರ್ಥ ಕೊಡ್ತಾನೆ," ಎಂದರೂ ಡಬ್ಬಿಗೆ ಹಾಕಿದರು. ಒಂದಾಯಿತು, ಇನ್ನೆರಡು.

ಬೆಳ್ತಂಗಡಿಯ ಟೈಲರ್ ಅಂಗಡಿಗೆ ಹೋದದ್ದು ಆಮೇಲೆ. ಹೆಂಗಸರ ಉಡುಪು ಹೊಲಿಯುವ ಅಂಗಡಿ, ನಡೆಸುವವರೂ ಹೆಂಗಸೇ. ಎರಡು ಮೆಷಿನು, ಒಂದು ಕಟಿಂಗ್ ಟೇಬಲ್, ಗೋಡೆಯಲ್ಲಿ ಹೊಸ ಹೊಸ ಕುತ್ತಿಗೆಯ ಬ್ಲೌಸುಗಳು. ಅಲ್ಲಿಗೆ ಬರುವವರಲ್ಲಿ ತುಳು, ಬ್ಯಾರಿ, ಮಲಯಾಳ ಮಾತಾಡುವವರು ಎಲ್ಲ ಇದ್ದುದರಿಂದ ಅಳತೆಯ ಮಾತು, ಜಗಳದ ಮಾತು ಅರ್ಧಕ್ಕರ್ಧ ಕನ್ನಡದಲ್ಲಿ ನಡೆಯುತ್ತಿತ್ತು. ನನ್ನ ಮನೆಮಾತು ಕೊಂಕಣಿ, ತುಳು ಹರಕುಮುರುಕು. ಹಾಗಾಗಿ ಆ ಅಕ್ಕನೂ ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು. ನಾನು ಬಂದ ಕೆಲಸವನ್ನು ಮುಚ್ಚಿಡದೆ ಹೇಳಿದೆ.

"ಮಾತು ಹೆಕ್ಕುದಾ? ಅದಕ್ಕೆ ಸಂಬಳ ಕೊಡ್ತಾರಾ?" ಎಂದು ನಕ್ಕರು. "ಕೂತ್ಕೋ. ಆದ್ರೆ ಸುಮ್ಮನೆ ಕೂತರೆ ಬಂದವರೆಲ್ಲ ನಿನ್ನ ಮುಖವೇ ನೋಡ್ತಾರೆ. ಈ ಸೀರೆಗೆ ಫಾಲ್ಸ್ ಹಾಕು."

ವಾರಕ್ಕೆ ಎರಡು ದಿನ, ಮೂಡುಬಿದಿರೆಯಿಂದ ವೇಣೂರಿನ ಮೂಲಕ ಹೋಗುವ ಬಸ್ಸು ಹಿಡಿದು ಹೋಗಿ ಫಾಲ್ಸ್ ಹಾಕಿದೆ. ಹೊಲಿಗೆ ಡೊಂಕಾದರೆ ಅವರು ಬಿಚ್ಚಿಸುತ್ತಿದ್ದರು. ಸೂಜಿ ಹಿಡಿದ ಹೆಂಗಸಿನ ಎದುರಿಗೆ ಯಾರೂ ಪ್ರಬಂಧ ಹೇಳುವುದಿಲ್ಲ ಎಂಬುದು ಬೇಗ ತಿಳಿಯಿತು. ಶೋಕಿ ಎಂಬ ಪದ ಹಲವು ಸಲ ಬಂತು, ಹೆಚ್ಚಿನ ಸಲ ಅಲ್ಲಿಲ್ಲದ ಯಾರದೋ ಸೊಸೆ, ಯಾರದೋ ನಾದಿನಿಯ ಬಗ್ಗೆ. ಅವೆಲ್ಲ ಸಂಪಾದಕರ ಕಡೆಯ ಸಾಕ್ಷಿಗಳು. ಅವನ್ನೂ ಬರೆದುಕೊಂಡೆ.

ನನ್ನ ಕಡೆಯ ಸಾಕ್ಷಿ ಬಂದದ್ದು ಒಂದು ಮಂಗಳವಾರ. ಗಿರಾಕಿಯೊಬ್ಬರು ತಮ್ಮ ಹಳೆಯ ಬ್ಲೌಸನ್ನೇ ಅಳತೆಗೆ ಕೊಟ್ಟು, ಇದರ ಹಾಗೆಯೇ ಹೊಲಿದರೆ ಸಾಕು ಎಂದರು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ನಿಮ್ಮ ಮದುವೆಗೆ ಹೊಲಿಸಿದ್ದಾ, ನಿಮ್ಮ ಅಮ್ಮನ ಮದುವೆಗಾ?" ಎಂದು ಕೇಳಿದರು. ಆಮೇಲೆ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆಯೇ ಬೇರೊಂದು ಕುತ್ತಿಗೆ ಎಳೆದು ತೋರಿಸಿದರು.

"ನಿಮಗೆಷ್ಟು ಶೋಕಿ ಮಾರಾಯ್ರೆ!" ಎಂದರು ಆ ಗಿರಾಕಿ.

"ಹೌದು, ನನಗೆ ಶೋಕಿ ಉಂಟು. ಇಲ್ಲದಿದ್ರೆ ನಿಮಗೆ ಹೊಲಿದು ಕೊಡುದು ಹೇಗೆ?"

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಯಾರೋ ಇನ್ನೊಬ್ಬರ ಬಗ್ಗೆ ಆಡಿದ ಮಾತಲ್ಲ, ತನ್ನ ಬಗ್ಗೆಯೇ ತಾನು ಹೇಳಿಕೊಂಡದ್ದು. ಅದರಲ್ಲಿ ನಾಚಿಕೆಯಿಲ್ಲ, ತಪ್ಪೊಪ್ಪಿಗೆಯಿಲ್ಲ. ಹೊಸತು ಯಾವುದು ಎಂಬುದರ ಮೇಲೆ ಕಣ್ಣಿರುವುದು ತನ್ನ ಕಸುಬಿನ ಭಾಗ ಎಂಬ ಹಾಗೆ ಹೇಳಿದ್ದರು. ಗಿರಾಕಿ ಹೋದ ಮೇಲೆ, "ಅಕ್ಕ, ಆ ಮಾತು ಬರ್ಕೊಳ್ಳಲಾ?" ಎಂದು ಕೇಳಿದೆ.

"ಬರಿ, ಬರಿ. ಮೊದಲು ಆ ಫಾಲ್ಸ್ ಮುಗಿಸು."

ಚೀಟಿ ಬರೆದದ್ದು ಹಿಂತಿರುಗುವ ಬಸ್ಸಿನಲ್ಲಿ. ವಾಕ್ಯವನ್ನು ಕೇಳಿದ ಹಾಗೆಯೇ ಬರೆದೆ. 'ಹೇಳಿದವರು' ಎಂಬಲ್ಲಿ ಹೆಂಗಸು, ನಲವತ್ತೈದರ ಆಸುಪಾಸು, ಟೈಲರ್ ಎಂದು ಬರೆದೆ. ಪ್ರಾಯ ಮತ್ತು ಕಸುಬು, ಚೀಟಿಗೆ ಬೇಕಾದದ್ದು ಅಷ್ಟೇ. ಆಮೇಲೆ ಯೋಚನೆ ಬಂತು. ಟೈಲರ್ ಎಂದರೂ ಮಾರುವವಳೇ ಎಂದು ಸಂಪಾದಕರು ಇದನ್ನೂ ಪಕ್ಕಕ್ಕಿಡುತ್ತಾರೆ. ಆ ಮಾತಿಗೆ ಆಸ್ಪದ ಕೊಡಬಾರದು. ಅಕ್ಕನ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಅದನ್ನು ಅವರೇ ಯಾವಾಗಲೋ ಮಾತಿನ ನಡುವೆ ಹೇಳಿದ್ದರು. ಅಂಥವರ ಬಾಯಲ್ಲೇ ಈ ಪದ ಹೀಗೆ ಬಂದರೆ ಅದನ್ನು ಬೈಗುಳ ಎನ್ನುವ ಧೈರ್ಯ ಯಾರಿಗುಂಟು? ಅಲ್ಪವಿರಾಮ ಹಾಕಿ 'ವಿಧವೆ' ಎಂದು ಸೇರಿಸಿದೆ. ಅಡಿಗೆರೆಯನ್ನೂ ಎಳೆದೆ.

ಸಂಪಾದಕರು ಚೀಟಿ ಓದಿ ತಲೆಯಾಡಿಸಿದರು. "ಒಳ್ಳೆ ಚೀಟಿ. ಆದರೂ ಎರಡೇ ಆಯ್ತಲ್ಲ."

ಅದೇ ಹೊತ್ತಿಗೆ ಮಾದರಿ ಹಾಳೆ ಹೊರಡಿಸುವ ದಿನ ಬಂತು. ಪೂರ್ತಿ ಪುಸ್ತಕ ಅಚ್ಚಾಗುವ ಮೊದಲು ನಾಲ್ಕು ಪುಟಗಳಷ್ಟು ನಮೂದುಗಳನ್ನು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಈ ಮೂರೂ ತಾಲೂಕುಗಳ ಕೆಲವು ಶಾಲೆಗಳ ಕನ್ನಡ ಅಧ್ಯಾಪಕರಿಗೆ ಕಳಿಸಿ ಅಭಿಪ್ರಾಯ ಕೇಳುವ ಪದ್ಧತಿ ನಮ್ಮದು. ಶಾಲೆಗಳ ಪಟ್ಟಿ ಮಾಡಿದ್ದು ನಾನು. ಶೋಕಿ ಆ ಪುಟಗಳಲ್ಲಿತ್ತು. ಮೂರು ಚೀಟಿ ಆಗದ ಕಾರಣ ಎರಡನೆಯ ಅರ್ಥ ಸೇರಲಿಲ್ಲ. ಅಕ್ಕನ ಚೀಟಿ ಮಾತ್ರ ಒಳ್ಳೆಯದಾದ್ದರಿಂದ ಸಂಪಾದಕರು ಅದರ ವಾಕ್ಯವನ್ನು ಉದಾಹರಣೆಯಾಗಿ ಕೊಟ್ಟರು. 'ಅತಿಯಾದ ಅಲಂಕಾರ, ಆಡಂಬರ, ದುಂದು' ಎಂಬುದರ ಕೆಳಗೆ 'ನನಗೆ ಶೋಕಿ ಉಂಟು', ಕಂಸದಲ್ಲಿ ಹೇಳಿದವರ ವಿವರ ಮತ್ತು ಊರು. ಕರಡಚ್ಚು ನೋಡಿದವಳೂ ನಾನೇ. ವಾಕ್ಯ ತಪ್ಪು ಅರ್ಥದ ಕೆಳಗೆ ಕೂತಿದೆ ಎಂದು ಜಗಳವಾಡಿದೆ, ಮೂರನೆಯ ಚೀಟಿ ತಂದರೆ ಮುಂದಿನ ಸಲ ತಿದ್ದುವ ಎಂದರು, ಒಪ್ಪಿದೆ. ಕಂಸದೊಳಗಿನದ್ದನ್ನೂ ಓದಿದೆ. ಅಲ್ಪವಿರಾಮ ಸರಿಯಾದ ಕಡೆ ಬಿದ್ದಿದೆಯೇ ಎಂದಷ್ಟೇ ನೋಡಿದೆ.

ಹಾಳೆಗಳು ಹೋದ ಹದಿನೈದು ದಿನಕ್ಕೆ ನಾನು ಬೆಳ್ತಂಗಡಿಗೆ ಹೋದಾಗ ಅಕ್ಕ ತಲೆ ಎತ್ತಲಿಲ್ಲ. ಮೆಷಿನ್ ನಿಲ್ಲಿಸಲೂ ಇಲ್ಲ. ಬಾಬಿನ್ ಮುಗಿದು ದಾರ ತುಂಡಾದ ಮೇಲೆಯೇ ಮಾತು ಬಂತು.

"ಗಂಡ ಸತ್ತದ್ದಕ್ಕೂ ನಾನು ಬ್ಲೌಸಿನ ಕುತ್ತಿಗೆ ಇಳಿಸುದಕ್ಕೂ ಎಂತ ಸಂಬಂಧ, ಹೇಳು ನೋಡುವ?"

ಆದದ್ದು ಇಷ್ಟು. ಹತ್ತಿರದ ಶಾಲೆಯೊಂದರಲ್ಲಿ ಹುಡುಗಿಯರ ಸಮವಸ್ತ್ರ ಹೊಲಿಯುವ ಕೆಲಸ ಆ ವರ್ಷ ಹೊಸಬರಿಗೆ ಕೊಡುವವರಿದ್ದರು. ಅದು ಸಿಕ್ಕರೆ ಅಂಗಡಿಗೆ ವರ್ಷದ ಅರ್ಧ ಕೆಲಸ ಸಿಕ್ಕಿದ ಹಾಗೆ, ಇನ್ನೊಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು ಎಂದು ಅಕ್ಕ ಎಣಿಸಿದ್ದರು. ಮಾದರಿ ಅಂಗಿಯನ್ನೂ ಹೊಲಿದು ಕೊಟ್ಟಿದ್ದರು. ನನ್ನ ಪಟ್ಟಿಯಲ್ಲಿದ್ದ ಶಾಲೆಗಳಲ್ಲಿ ಅದೂ ಒಂದು. ನಮ್ಮ ಹಾಳೆ ಅಲ್ಲಿನ ಅಧ್ಯಾಪಕರ ಕೋಣೆಯ ಬೋರ್ಡಿಗೆ ಏರಿತ್ತು. ಊರಲ್ಲಿ ಟೈಲರ್ ಹೆಂಗಸರು ಹಲವರಿದ್ದಾರೆ. ಆ ಪ್ರಾಯದ ವಿಧವೆ ಟೈಲರ್ ಒಬ್ಬರೇ.

"ಪೋಷಕರ ಸಮಿತಿಯ ಅಧ್ಯಕ್ಷರು ಎಂತ ಹೇಳಿದ್ರು ಗೊತ್ತುಂಟಾ? ಮಕ್ಕಳ ಯೂನಿಫಾರ್ಮು, ಶೋಕಿ ಮಾಡುವವರ ಕೈಗೆ ಕೊಡುದು ಬೇಡ ಅಂತ. ಯಾರು ಹೇಳಿದ್ದು ಅಂತ ಕೇಳಿದ್ರೆ, ಪುಸ್ತಕದಲ್ಲೇ ಬಂದಿದೆಯಲ್ಲ, ಅವರೇ ಒಪ್ಪಿಕೊಂಡಿದ್ದಾರೆ ಅಂತ."

"ಅಕ್ಕ, ಆ ವಾಕ್ಯ ತೆಗೆಸ್ತೇನೆ. ಇವತ್ತೇ..."

"ವಾಕ್ಯ ಯಾಕೆ ತೆಗೆಯುದು? ನಾನು ಹೇಳಿದ್ದೇ ಅಲ್ವಾ? ನೀನು ಕೇಳಿದ್ದಿ, ನಾನು ಬರಿ ಅಂದದ್ದು. ಮತ್ತೊಂದು ಬರ್ದಿದ್ದೀಯಲ್ಲ, ಅದು ನಾನು ಹೇಳಿದ್ದಾ?"

ಇಲ್ಲ ಎಂದೆ.

"ಹೆಸರು ಯಾಕೆ ಹಾಕ್ಲಿಲ್ಲ?"

"ಹೆಸರು ಹಾಕುವ ಕ್ರಮ ಇಲ್ಲ ಅಕ್ಕ. ಗುರ್ತ ಸಿಗಬಾರದು ಅಂತ."

"ಹೆಸರು ಹಾಕುದಿಲ್ಲ, ವಿಧವೆ ಅಂತ ಹಾಕ್ತೀರಿ. ಒಳ್ಳೆ ಕ್ರಮ ಮಾರಾಯ್ತಿ ನಿಮ್ಮದು!"

ಸಮಿತಿಯ ಸಭೆ ಇನ್ನೂ ಆಗಿರಲಿಲ್ಲ. ನಾನು ಬಂದು ಮಾತಾಡುತ್ತೇನೆ ಎಂದೆ. ಪದಕೋಶದ ಕಡೆಯಿಂದ ವಿವರಿಸಬಹುದು, ಆ ಅಧ್ಯಕ್ಷರ ವಾದದಲ್ಲಿ ಎಲ್ಲೆಲ್ಲಿ ತೂತುಗಳಿವೆ ಎಂದು ತೋರಿಸಬಹುದು. ನನ್ನ ತಲೆಯಲ್ಲಿ ಆಗಲೇ ಮೂರು ಅಂಶಗಳು ಸಾಲಾಗಿ ನಿಂತಿದ್ದವು.

"ನೀನು ಬರುದೇ ಬೇಡ," ಎಂದರು ಅಕ್ಕ. "ನೀನು ವಾದ ಗೆಲ್ತಿ, ನನ್ನ ಕೆಲಸ ಹೋಗ್ತದೆ."

ಮೂಡುಬಿದಿರೆಗೆ ಹಿಂತಿರುಗಿ ಸಂಪಾದಕರ ಮೇಲೆ ಎಲ್ಲವನ್ನೂ ಸುರಿದೆ. ಅವರ ಒಂದೇ ಅರ್ಥದ ಹಟದಿಂದ ಹೀಗಾಯಿತು, ತೀರ್ಪಿನ ಕೆಳಗೆ ಸಾಕ್ಷಿಯನ್ನು ತಂದು ಕೂರಿಸಿದರೆ ಅದು ತಪ್ಪೊಪ್ಪಿಗೆಯಾಗದೆ ಮತ್ತೇನಾಗುತ್ತದೆ ಎಂದೆ. ಅವರು ಕೊನೆಯವರೆಗೂ ಕೇಳಿದರು. ಎದ್ದು 'ಶ' ಡಬ್ಬಿ ತೆರೆದು ಆ ಚೀಟಿಯನ್ನು ತೆಗೆದು ನನ್ನ ಮುಂದೆ ಇಟ್ಟರು.

"ಅಡಿಗೆರೆ ಯಾರದ್ದು?"

ನನ್ನದು ಎಂದೆ.

"ಅರ್ಥದ ಜಾಗ ನನ್ನ ತಪ್ಪು, ಒಪ್ತೇನೆ. ಈ ಶಬ್ದ ನಿನಗೆ ಯಾಕೆ ಬೇಕಾಯ್ತು?"

"ನಿಮ್ಮನ್ನು ಒಪ್ಪಿಸ್ಲಿಕ್ಕೆ ಸರ್."

"ಹೂಂ," ಎಂದರು. ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿದರು. ಸ್ಪರ್ಧೆಗಳಲ್ಲಿ ಸೋತ ಮೇಲೆ ತೀರ್ಪುಗಾರರ ಮೇಲೆ ಸಿಟ್ಟು ಬರುತ್ತಿತ್ತು. ಅವತ್ತು ಯಾರ ಮೇಲೂ ಬರಲಿಲ್ಲ.

ಹಾಳೆಗಳನ್ನು ಹಿಂದೆ ತರಿಸುವುದು ಮೊದಲ ಕೆಲಸ. ಅಂಚೆಯಲ್ಲಿ 'ಹಾಳೆ ಮರಳಿಸಿ' ಎಂದು ಬರೆದರೆ ಓದದವರೂ ತೆಗೆದು ಓದುತ್ತಾರೆ. ಅದಕ್ಕೆ, ಅಚ್ಚಿನ ದೋಷಗಳಿವೆ, ಹೊಸ ಹಾಳೆ ಕೊಡುತ್ತೇವೆ ಎಂದು ಹೇಳಿ ನಾನೇ ಶಾಲೆಯಿಂದ ಶಾಲೆಗೆ ಹೋಗಿ ತಂದೆ. ಬಂಟ್ವಾಳದ ಕಡೆಯ ಹಾಳೆಗಳು ಹೆಚ್ಚಿನವು ಲಕೋಟೆಯಲ್ಲೇ ಇದ್ದವು. ನಮ್ಮ ಅಭಿಪ್ರಾಯ ಸಂಗ್ರಹದ ಪದ್ಧತಿಯ ಬಗ್ಗೆ ಅದರಿಂದ ತಿಳಿಯಬೇಕಾದದ್ದು ತಿಳಿಯಿತು. ಆ ಒಂದು ಶಾಲೆಯಲ್ಲಿ ಮಾತ್ರ ಹಾಳೆ ಬೋರ್ಡಿನ ಮೇಲೆ, ನಾಲ್ಕು ಮೂಲೆಗೂ ಪಿನ್ನು. ಕನ್ನಡ ಟೀಚರು ಪಿನ್ನು ಕೀಳುತ್ತ, "ನಾವೆಂತ ಮಾಡ್ಲಿಲ್ಲ ಆಯ್ತಾ. ಓದಿದ್ದು ಮಾತ್ರ," ಎಂದರು. ಅವರು ಹೇಳಿದ್ದು ನಿಜವೇ. ಬರೆದವಳು ನಾನು.

ಹೊಸ ಹಾಳೆಗೆ ಇನ್ನೊಂದು ವಾರವಿತ್ತು. ಎರಡನೆಯ ಅರ್ಥ ಅದರಲ್ಲಿ ಸೇರಿದರೆ ಅಕ್ಕನ ವಾಕ್ಯ ತನ್ನ ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಅದಕ್ಕೆ ಬೇಕಾದದ್ದು ಮೂರನೆಯ ಚೀಟಿ. ಅಕ್ಕನ ಅಂಗಡಿಯಲ್ಲಿ ಮತ್ತೆ ಕೂರುವ ಮುಖ ನನಗಿರಲಿಲ್ಲ. ಬಸ್ ಸ್ಟ್ಯಾಂಡುಗಳಲ್ಲಿ ನಿಂತೆ, ಬ್ಯೂಟಿ ಪಾರ್ಲರೊಂದರಲ್ಲಿ ಎರಡು ಸಲ ಹುಬ್ಬು ತಿದ್ದಿಸಿಕೊಂಡೆ. ಪದ ಬಂದರೆ ಬೈಗುಳವಾಗಿಯೇ ಬಂತು.

ಕೊನೆಗೆ ಅದು ಸಿಕ್ಕಿದ್ದು ನಮ್ಮ ಕಚೇರಿಯಲ್ಲೇ. ಮಧ್ಯಾಹ್ನದ ಚಹಾ ಕುಡಿಯುವಾಗ ಕೆಳಗಿನ ಚಪ್ಪಲಿ ಅಂಗಡಿಯ ಮಾಲೀಕರು ಮೇಲೆ ಬಂದಿದ್ದರು. ಅವರ ಅಂಗಡಿಗೆ ಬಂದ ಹೊಸ ನಮೂನೆಯ ದಪ್ಪ ಅಟ್ಟೆಯ ಶೂಗಳ ಮಾತು ಬಂತು. ಸಂಪಾದಕರು ಒಂದು ಕ್ಷಣ ಮುಖ್ಯೋಪಾಧ್ಯಾಯಗಿರಿ ಮರೆತರು.

"ಇದೆಲ್ಲ ಹೊಸತೆಂತ ಅಲ್ಲ. ಕಾಲೇಜಿಗೆ ಹೋಗುವಾಗ ನನಗೂ ಒಳ್ಳೆ ಶೋಕಿ ಇತ್ತು ಮಾರಾಯ್ರೆ. ಬೆಲ್ ಬಾಟಮ್ ಹಾಕಿ ಬಸ್ಸಿಂದ ಇಳಿದರೆ ನಾಲ್ಕು ಜನ ಹೊಲಿಸಿದ್ದೆಲ್ಲಿ ಅಂತ ಕೇಳ್ತಿದ್ರು!"

ಮೇಜಿನ ಕೆಳಗೆ ನನ್ನ ಕೈ ಆಗಲೇ ಬರೆಯುತ್ತಿತ್ತು. ತಾನಾಗಿ ಕಿವಿಗೆ ಬಿದ್ದದ್ದು, ತನ್ನ ಬಗ್ಗೆಯೇ ಹೇಳಿದ್ದು, ಅದೂ ಹಿಗ್ಗಿನಿಂದ. ಕಟ್ಟಳೆಯ ಪ್ರಕಾರ ಇದರಷ್ಟು ಶುದ್ಧವಾದ ಚೀಟಿ ಡಬ್ಬಿಯಲ್ಲಿ ಇನ್ನೊಂದಿರಲಿಲ್ಲ. ಮಾಲೀಕರು ಇಳಿದು ಹೋದ ಮೇಲೆ ಅದನ್ನು ಸಂಪಾದಕರ ಮುಂದೆ ಇಟ್ಟೆ. ಹೇಳಿದವರು: ಗಂಡಸು, ಎಪ್ಪತ್ತರ ಆಸುಪಾಸು, ನಿವೃತ್ತ ಮುಖ್ಯೋಪಾಧ್ಯಾಯರು. ಊರು: ಮೂಡುಬಿದಿರೆ.

ಅವರು ಓದಿದರು. ಮತ್ತೆ ಓದಿದರು. ಕಿವಿ ಕೆಂಪಾಯಿತು.

"ಇದರಲ್ಲಿ... 'ನಿವೃತ್ತ ಮುಖ್ಯೋಪಾಧ್ಯಾಯ' ಅಂತ ಬೇಕಾ?"

ನನ್ನ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಚೀಟಿಯಲ್ಲಿದ್ದದ್ದು ಚೀಟಿಯಲ್ಲಿದ್ದ ಹಾಗೆ ಅಲ್ಲವೇ ಸರ್. ಸ್ಪರ್ಧೆಯಾಗಿದ್ದರೆ ಅಲ್ಲಿಗೆ ಗಂಟೆ ಬಾರಿಸುತ್ತಿದ್ದರು. ಆದರೆ ಅವರ ಮುಖದಲ್ಲಿ ಕಂಡದ್ದು ಏನೆಂದು ನನಗೆ ಗೊತ್ತಿತ್ತು. ಅವರ ಶಿಷ್ಯರು ಈ ಮೂರು ತಾಲೂಕುಗಳ ಎಷ್ಟು ಶಾಲೆಗಳಲ್ಲಿ ಕನ್ನಡ ಕಲಿಸುತ್ತಿದ್ದಾರೆ, ಎಷ್ಟು ಬೋರ್ಡುಗಳಿಗೆ ಈ ಹಾಳೆ ಏರಲಿದೆ ಎಂದು ಅವರು ಎಣಿಸುತ್ತಿದ್ದರು.

"ಬೇಡ ಸರ್," ಎಂದೆ. "ನಿಮ್ಮದು ಬೇಡ, ಯಾರದ್ದೂ ಬೇಡ. ಊರು ಒಂದೇ ಅಚ್ಚಾಗ್ಲಿ. ಉಳಿದದ್ದು ಚೀಟಿಯಲ್ಲೇ ಇರ್ಲಿ, ಡಬ್ಬಿಯ ಒಳಗೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗೆ ಮಾಡಿದ್ರೆ ನಿನ್ನ ವಾದಕ್ಕೆ ಬಲ ಎಲ್ಲಿ? ಓದುವವರು ಎಂತ ತಿಳಿತಾರೆ? ಯಾರೋ ಕಾಲೇಜು ಹುಡುಗರು ಹೇಳಿದ್ದು ಅಂತ."

ಅದು ಸರಿಯಾದ ಆಕ್ಷೇಪ. ಈ ಪದವನ್ನು ತಮ್ಮ ಮೇಲೆ ತಾವೇ ಹಾಕಿಕೊಂಡವರು ಯಾರು ಎಂಬುದರಲ್ಲೇ ನನ್ನ ವಾದದ ಅರ್ಧ ತೂಕವಿತ್ತು. ಅದನ್ನು ತೆಗೆದರೆ ಉಳಿಯುವುದು ಮೂರು ಬಡಕಲು ವಾಕ್ಯಗಳು. ವಾದ ಅಷ್ಟು ಬಡಕಲಾದರೂ ಪರವಾಗಿಲ್ಲ ಎಂದಷ್ಟೇ ಹೇಳಿದೆ. ಇನ್ನೊಂದು ಮಾತೂ ಸೇರಿಸಿದೆ: ಬದುಕಿರುವವರ ವಾಕ್ಯವನ್ನು, ಅದು ಯಾವ ಅರ್ಥದ ಕೆಳಗೆ ಬರುತ್ತದೋ ಆ ಅರ್ಥದ ಸಮೇತ, ಅಚ್ಚಿಗೆ ಹೋಗುವ ಮೊದಲು ಅವರಿಗೆ ಓದಿ ಹೇಳಬೇಕು.

"ಎಲ್ಲರಿಗೂ? 'ಹ' ಮುಗಿಯುದು ಯಾವಾಗ?"

"ಮುಗಿಯುವಾಗ ಮುಗೀಲಿ ಸರ್."

ಅವರು ಪೆನ್ನು ತೆಗೆದು, ತಮ್ಮದೇ ಚೀಟಿಯ ಹಿಂಬದಿಯಲ್ಲಿ 'ಓದಿ ಹೇಳಲಾಗಿದೆ, ಒಪ್ಪಿಗೆ' ಎಂದು ಬರೆದು ಸಹಿ ಹಾಕಿದರು. ಬಿ.ಸಿ. ರೋಡಿನ ಸೇಲ್ಸ್‌ಮನ್‌ಗೆ ಮರುದಿನ ಹೋಗಿ ಓದಿ ಹೇಳಿದೆ. ತನ್ನ ಫೋಟೋ ಬರುವುದಿಲ್ಲವಾ ಎಂದು ಕೇಳಿದ, ಇಲ್ಲ ಎಂದದ್ದಕ್ಕೆ ಸ್ವಲ್ಪ ಬೇಸರ ಮಾಡಿಕೊಂಡ.

ಉಳಿದವರು ಅಕ್ಕ. ಹೊಸ ಹಾಳೆಯ ಕರಡಚ್ಚು ಹಿಡಿದು ಬೆಳ್ತಂಗಡಿಗೆ ಹೋಗುವಷ್ಟರಲ್ಲಿ ಸಮಿತಿಯ ಸಭೆ ಮುಗಿದಿತ್ತು. ಅಂಗಡಿಯ ಬಾಗಿಲಲ್ಲೇ ನಿಂತು ಏನಾಯಿತು ಎಂದು ಕೇಳಿದೆ.

"ಹೋಯ್ತು," ಎಂದರು. ಹೊಲಿಗೆ ಬೇರೊಂದು ಪೇಟೆಯ ಅಂಗಡಿಯವರ ಪಾಲಾಗಿತ್ತು. ಸಭೆಯಲ್ಲಿ ಅಧ್ಯಕ್ಷರು ಮುಖಕ್ಕೇ ಕೇಳಿದರಂತೆ, ನೀವು ಹಾಗೆ ಹೇಳಿದ್ದು ಹೌದಾ ಎಂದು. ಇವರು ಹೌದು ಎಂದರಂತೆ.

"ಇಲ್ಲ ಅನ್ಬಹುದಿತ್ತಲ್ಲ ಅಕ್ಕ. ಹೆಸರಿರ್ಲಿಲ್ಲವಲ್ಲ."

"ಯಾಕೆ ಅನ್ಬೇಕು? ಸುಳ್ಳು ಹೇಳಿ ಯೂನಿಫಾರ್ಮು ಹೊಲಿಬೇಕಾ?"

ಆದರೆ ಕಟಿಂಗ್ ಟೇಬಲಿನ ಮೇಲೆ ಸಮವಸ್ತ್ರದ ನೀಲಿ ಬಟ್ಟೆಯೇ ಇತ್ತು, ಆರು ಪದರ ಹಾಸಿ, ಮೇಲೆ ಬ್ರೌನ್ ಪೇಪರಿನ ಪ್ಯಾಟರ್ನ್ ಇಟ್ಟು. ನಾನು ಅದನ್ನೇ ನೋಡುತ್ತಿರುವುದು ಕಂಡು ಅಕ್ಕ ಉಳಿದದ್ದನ್ನು ಹೇಳಿದರು. ಅವರು ಕೊಟ್ಟ ಮಾದರಿ ಅಂಗಿಯಲ್ಲಿ ಬದಿಯ ಹೊಲಿಗೆಯೊಳಗೆ ಕಾಣದ ಹಾಗೆ ಒಂದು ಜೇಬು ಇತ್ತು. ಈಗಿನ ಹೊಸ ಕುರ್ತಾಗಳಿಗೆಲ್ಲ ಹಾಗೆ ಜೇಬು ಬರುತ್ತದೆ ಎಂದು ನೋಡಿ ಇಟ್ಟದ್ದು. ಬಸ್ಸಿನ ಪಾಸು ಇಡಲು ಆ ಹುಡುಗಿಯರಿಗೆ ಇಷ್ಟು ವರ್ಷ ಜಾಗವೇ ಇರಲಿಲ್ಲ. ಮಾದರಿಯನ್ನು ಹಾಕಿ ನೋಡಿದ ಹುಡುಗಿ ಬಿಚ್ಚಿ ಕೊಡಲಿಲ್ಲವಂತೆ, ಉಳಿದವರೂ ಅದೇ ಬೇಕು ಎಂದರಂತೆ. ಕೆಲಸ ಹಿಡಿದವರಿಗೆ ಆ ಜೇಬಿನ ಕಟಿಂಗ್ ಸರಿ ಕೂರಲಿಲ್ಲ. ಪ್ಯಾಟರ್ನ್ ಒಂದು ಕೊಟ್ಟುಬಿಡಿ ಎಂದು ಅಧ್ಯಕ್ಷರೇ ಹೇಳಿಕಳಿಸಿದರು.

"ಕೊಡುದಿಲ್ಲ ಅಂದೆ. ಬೇಕಾದ್ರೆ ಬಟ್ಟೆ ಇಲ್ಲಿಗೆ ಕಳಿಸಿ, ಕತ್ತರಿಸಿ ಕೊಡ್ತೇನೆ ಅಂದೆ. ಶೋಕಿ ಬೇಡ, ಜೇಬು ಬೇಕು ಅವರಿಗೆ." ಅಕ್ಕ ನಕ್ಕರು, ಆ ದಿನ ಮೊದಲ ಸಲ. "ಎಂತ ತಂದಿದ್ದಿ? ಓದು."

ಮೊದಲ ಅರ್ಥವನ್ನು ಓದಿದೆ.

"ದುಂದು ಹಾಗೇ ಉಂಟಾ?"

"ಉಂಟು ಅಕ್ಕ. ಜನ ಹಾಗೂ ಹೇಳ್ತಾರಲ್ಲ."

"ಹೇಳ್ತಾರೆ. ನನಗೇ ಹೇಳಿದ್ದಾರೆ. ಮುಂದೆ?"

ಎರಡನೆಯದನ್ನು ಓದಿದೆ: 'ಉಡುಪು, ಅಲಂಕಾರಗಳಲ್ಲಿ ಹೊಸ ಬಗೆಯ ಕುರಿತ ಒಲವು ಮತ್ತು ತಿಳಿವಳಿಕೆ.' ಅದರ ಕೆಳಗೆ ಅವರ ವಾಕ್ಯ, ಕಂಸದಲ್ಲಿ ಬೆಳ್ತಂಗಡಿ.

ಅವರು ಕತ್ತರಿಯನ್ನು ಬಟ್ಟೆಯ ಅಂಚಿಗೆ ಕೊಟ್ಟು, ಸ್ವಲ್ಪ ತಡೆದು, "ಆಗ್ಬಹುದು," ಎಂದರು. "ಆ ತುದಿ ಹಿಡಿ. ಪದರ ಜಾರಿದ್ರೆ ಜೇಬು ಮೇಲೆ ಕೆಳಗೆ ಆಗ್ತದೆ."

ನಾನು ಹಾಳೆ ಕೆಳಗಿಟ್ಟು ಎರಡೂ ಕೈಯಲ್ಲಿ ಹಿಡಿದೆ. ಆ ವರ್ಷ ಆ ಶಾಲೆಯ ಹುಡುಗಿಯರೆಲ್ಲರ ಅಂಗಿಗೂ ಜೇಬು ಬಂತು. ಕಾಲರಿನ ಒಳಗೆ ಹೊಲಿದ ಲೇಬಲ್ಲಿನಲ್ಲಿ ಮಾತ್ರ ಬೇರೆ ಅಂಗಡಿಯ ಹೆಸರಿತ್ತು.